ಗ್ರೀಕ್ ನಿರಂಕುಶ ಪ್ರಭುಗಳನ್ನು ಮೂಲದಲ್ಲೇ ಓದಲು ಪರ್ಸಿಯಸ್ ಡಿಜಿಟಲ್ ಲೈಬ್ರರಿ: ಒಂದು ವಿಮರ್ಶೆ

ಪ್ರಾಚೀನ ಗ್ರೀಸಿನ ನಿರಂಕುಶ ಪ್ರಭುಗಳ ಬಗ್ಗೆ ಬೆಂಗಳೂರಿನಲ್ಲಿ ಕೂತು ಗಂಭೀರವಾಗಿ ಓದಬೇಕೆನ್ನುವವರಿಗೆ ಪುಕ್ಕಟೆ ಸಿಗುವ ಸಾಧನಗಳಲ್ಲಿ ಪರ್ಸಿಯಸ್ ಡಿಜಿಟಲ್ ಲೈಬ್ರರಿಯಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ ನಡೆಸುವ ಈ ತಾಣದ ಯೋಜನೆ ಶುರುವಾದದ್ದು 1985ರಲ್ಲಿ. ಚಂದಾ ಕಟ್ಟಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಹೆರೊಡೋಟಸ್, ಥುಸಿಡಿಡೀಸ್, ಅರಿಸ್ಟಾಟಲ್, ಡಿಯೊಡೋರಸ್, ಪ್ಲೂಟಾರ್ಕ್ ಎಂಬ ಪ್ರಾಚೀನ ಲೇಖಕರೆಲ್ಲರೂ ಗ್ರೀಕ್ ಮೂಲದಲ್ಲೂ ಇಂಗ್ಲಿಷ್ ಅನುವಾದದಲ್ಲೂ ಇಲ್ಲಿದ್ದಾರೆ. ಆದರೆ ಕ್ರಮ ಗೊತ್ತಿಲ್ಲದೆ ಒಳಹೊಕ್ಕರೆ ಹತ್ತು ನಿಮಿಷದಲ್ಲಿ ದಾರಿ ತಪ್ಪುವುದು ಖಂಡಿತ. ಮುಖಪುಟದಿಂದ ಕ್ಲಿಕ್ ಮಾಡುತ್ತಾ ಹೋಗುವವರಿಗಾಗಿ ಇದನ್ನು ಕಟ್ಟಿಲ್ಲ. ಯಾವ ಗ್ರಂಥದ ಯಾವ ಅಧ್ಯಾಯ ಬೇಕೆಂದು ತಿಳಿದು ಬರುವವರಿಗಾಗಿ ಕಟ್ಟಿದ್ದಾರೆ.

ಈ ವಿಷಯಕ್ಕೆ ಇದೇ ತಾಣ ಏಕೆ ಎಂಬುದಕ್ಕೆ ಗಟ್ಟಿ ಕಾರಣವಿದೆ. ವಂಶದ ಹಕ್ಕಿಲ್ಲದೆ ನಗರರಾಜ್ಯದ ಅಧಿಕಾರ ಹಿಡಿದ ಈ ಪ್ರಭುಗಳ ಪೈಕಿ ಯಾರೂ ತಮ್ಮ ಆಳ್ವಿಕೆಯ ಕಥನವನ್ನು ನಮಗೆ ಬಿಟ್ಟುಹೋಗಿಲ್ಲ. ಅಥೆನ್ಸಿನ ಪೈಸಿಸ್ಟ್ರಾಟಸ್ ಸತ್ತು ಸುಮಾರು ನೂರು ವರ್ಷದ ಮೇಲೆ ಹೆರೊಡೋಟಸ್ ಬರೆದ, ಅವನ ಹಿಂದೆಯೇ ಥುಸಿಡಿಡೀಸ್ ಬಂದ, ಅರಿಸ್ಟಾಟಲನ ಕಾಲಕ್ಕೆ ಇನ್ನೂ ನೂರು ವರ್ಷ ಕಳೆದಿತ್ತು. ಮೂವರೂ ಒಂದೇ ಮಾತು ಹೇಳುವುದಿಲ್ಲ. ಪಠ್ಯಪುಸ್ತಕಗಳು ಇವರನ್ನು ಕಲಸಿ ಒಂದೇ ಕಥೆ ಮಾಡಿಬಿಡುತ್ತವೆ. ಎರಡು ಮೂಲಗಳನ್ನು ಅಕ್ಕಪಕ್ಕ ಇಟ್ಟು ಎಲ್ಲಿ ಬೇರೆಯಾಗುತ್ತವೆ ಎಂದು ಕಣ್ಣಾರೆ ನೋಡುವ ಸೌಕರ್ಯವೇ ಪರ್ಸಿಯಸ್‌ನ ನಿಜವಾದ ಬೆಲೆ. ಯುಪಿಎಸ್‌ಸಿಗೆ ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡವರು ಅರಿಸ್ಟಾಟಲನನ್ನು ಓದಲೇಬೇಕು. ಅವರು ನೋಟ್ಸ್‌ನಲ್ಲಿ ಓದುವ ಸಾಲುಗಳ ಮೂಲ ಇಲ್ಲಿದೆ. ಲಂಕೇಶರ 'ದೊರೆ ಈಡಿಪಸ್' ಓದಿ ಗ್ರೀಕ್ ದೊರೆತನದ ಹಿನ್ನೆಲೆ ಹುಡುಕುವ ರಂಗಭೂಮಿಯವರಿಗೂ ಇದು ಕೆಲಸಕ್ಕೆ ಬರುತ್ತದೆ.

ಮೊದಲು ಸಿದ್ಧತೆ. ಪುಟದ ಮೇಲ್ಭಾಗದಲ್ಲಿ ಒಂದು ಹುಡುಕು ಪೆಟ್ಟಿಗೆ ಇದೆ. ಅದರಲ್ಲಿ ಹೆಸರು ಬರೆಯಬೇಡಿ, ಅಧ್ಯಾಯದ ಗುರುತು ಬರೆಯಿರಿ. ಹೆರೊಡೋಟಸ್‌ಗೆ ಎಚ್, ಡಿ, ಟಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಚುಕ್ಕಿ, ಒಂದು ಜಾಗ, ಆಮೇಲೆ 1.59. ಅಂದರೆ ಮೊದಲ ಪುಸ್ತಕದ 59ನೇ ಅಧ್ಯಾಯ. ನಮ್ಮ ಶಾಸನಗಳನ್ನು ಸಂಪುಟ, ತಾಲ್ಲೂಕು, ಸಂಖ್ಯೆಯಿಂದ ಗುರುತಿಸುವಂತೆ ಗ್ರೀಕ್ ಗ್ರಂಥಗಳಿಗೂ ಎಲ್ಲ ಮುದ್ರಣಗಳಲ್ಲಿ ಒಂದೇ ಆಗಿರುವ ಗುರುತಿದೆ. ಪುಟಸಂಖ್ಯೆ ಬರೆದುಕೊಂಡರೆ ಬೇರೆ ಮುದ್ರಣದಲ್ಲಿ ಅದು ಸಿಗದು. ಈ ಗುರುತು ಬರೆದುಕೊಂಡರೆ ಎಲ್ಲೂ ಸಿಗುತ್ತದೆ. ಪುಟ ತೆರೆದ ಮೇಲೆ ಬಲಬದಿಯಲ್ಲಿ ಅದೇ ಭಾಗದ ಇತರ ಪಾಠಗಳು ಕಾಣುತ್ತವೆ. 'ಲೋಡ್' ಒತ್ತಿದರೆ ಅನುವಾದ ಮೂಲದ ಪಕ್ಕಕ್ಕೆ ಬರುತ್ತದೆ, 'ಫೋಕಸ್' ಒತ್ತಿದರೆ ಅದೇ ಮುಖ್ಯ ಪಾಠವಾಗುತ್ತದೆ. ಗ್ರೀಕ್ ಲಿಪಿ ಬಾರದವರು ಬಲಬದಿಯ ಡಿಸ್‌ಪ್ಲೇ ಆಯ್ಕೆಗಳಲ್ಲಿ ಗ್ರೀಕ್ ಅನ್ನು ರೋಮನ್ ಅಕ್ಷರಗಳಲ್ಲಿ ತೋರಿಸುವ ಆಯ್ಕೆಗೆ ಬದಲಿಸಿಕೊಳ್ಳಲಿ. ಯಾವುದೇ ಗ್ರೀಕ್ ಪದದ ಮೇಲೆ ಒತ್ತಿದರೆ ಅದರ ಮೂಲರೂಪ, ವಿಭಕ್ತಿ, ನಿಘಂಟಿನ ಕೊಂಡಿ ಬರುತ್ತವೆ. ಒಂದು ರೂಪಕ್ಕೆ ಎರಡು ಮೂರು ವ್ಯಾಕರಣ ಸಾಧ್ಯತೆಗಳಿದ್ದರೆ ಎಲ್ಲವನ್ನೂ ಪಟ್ಟಿ ಮಾಡುತ್ತದೆ. ಮೇಲಿರುವುದೇ ಸರಿ ಎಂದು ನಂಬಬಾರದು, ವಾಕ್ಯ ನೋಡಿ ತೀರ್ಮಾನಿಸಬೇಕು.

ಶುರು ಮಾಡಲು ಪೈಸಿಸ್ಟ್ರಾಟಸ್‌ಗಿಂತ ಒಳ್ಳೆಯ ವಿಷಯವಿಲ್ಲ. ಓದಬೇಕಾದದ್ದು ಇಷ್ಟು: ಹೆರೊಡೋಟಸ್ 1.59ರಿಂದ 64, 5.55ರಿಂದ 65, ಥುಸಿಡಿಡೀಸ್ 6.54ರಿಂದ 59, ಅರಿಸ್ಟಾಟಲನ ಹೆಸರಿನಲ್ಲಿರುವ 'ಅಥೆನ್ಸಿನ ಸಂವಿಧಾನ' 13ರಿಂದ 19. ಒಟ್ಟು 30 ಸಣ್ಣ ಅಧ್ಯಾಯ. ಕೊನೆಯ ಗ್ರಂಥ ಈಜಿಪ್ಟಿನಲ್ಲಿ ಸಿಕ್ಕ ಪಪೈರಸ್‌ನಿಂದ 1891ರಲ್ಲಷ್ಟೇ ಮುದ್ರಣಕ್ಕೆ ಬಂತು. ಹಾಗಾಗಿ ಅದಕ್ಕೂ ಹಿಂದಿನ ಇತಿಹಾಸ ಪುಸ್ತಕ ಕೈಗೆ ಸಿಕ್ಕರೆ ಅದರಲ್ಲಿ ಇದರ ಬೆಳಕು ಇರುವುದಿಲ್ಲ ಎಂಬುದನ್ನು ನೆನಪಿಡಿ.

ಹೆರೊಡೋಟಸ್ 1.59ರಲ್ಲಿ ಪೈಸಿಸ್ಟ್ರಾಟಸ್ ತನಗೂ ತನ್ನ ಹೇಸರಗತ್ತೆಗಳಿಗೂ ತಾನೇ ಗಾಯ ಮಾಡಿಕೊಂಡು ಬಂಡಿ ಓಡಿಸಿಕೊಂಡು ಪೇಟೆಗೆ ಬರುತ್ತಾನೆ. ಶತ್ರುಗಳು ಕೊಲ್ಲಲು ಬಂದರೆಂದು ಹೇಳಿ ಮೈಗಾವಲು ಕೇಳುತ್ತಾನೆ. ಜನ ದೊಣ್ಣೆ ಹಿಡಿದ ಆಳುಗಳನ್ನು ಕೊಡುತ್ತಾರೆ, ಅವರನ್ನು ಕಟ್ಟಿಕೊಂಡು ಅವನು ನಗರದ ಕೋಟೆಗುಡ್ಡವಾದ ಅಕ್ರೊಪೊಲಿಸ್ ಹಿಡಿಯುತ್ತಾನೆ. ಎಷ್ಟು ಆಳು ಎಂಬುದನ್ನು ಹೆರೊಡೋಟಸ್ ಹೇಳುವುದಿಲ್ಲ. ಅಥೆನ್ಸಿನ ಶಾಸನಕರ್ತ ಸೋಲನ್ ಬಗ್ಗೆ ಪ್ಲೂಟಾರ್ಕ್ ಬರೆದ ಚರಿತ್ರೆಯ 30ನೇ ಅಧ್ಯಾಯದಲ್ಲಿ 50 ಎಂದಿದೆ. ಇದು ಕ್ರಿ.ಪೂ. 561ರ ಸುಮಾರಿನದು. ಬೇಗನೆ ಅಧಿಕಾರ ಕಳೆದುಕೊಂಡ. ಎರಡನೇ ಸಲ ಮೆಗಕ್ಲೀಸ್ ಎಂಬ ಕುಲೀನನ ಜತೆ, ಅವನ ಮಗಳನ್ನು ಮದುವೆಯಾಗುವ ಒಪ್ಪಂದ ಮಾಡಿಕೊಂಡು, ಎತ್ತರದ ಹೆಂಗಸೊಬ್ಬಳಿಗೆ ಅಥೀನಾ ದೇವಿಯ ವೇಷ ಹಾಕಿ ರಥದಲ್ಲಿ ಕೂರಿಸಿ, ದೇವಿಯೇ ಅವನನ್ನು ಕರೆತರುತ್ತಿದ್ದಾಳೆಂದು ಸಾರಿಸಿದ. ಅವಳ ಹೆಸರು ಫೈ. ಎತ್ತರ ನಾಲ್ಕು ಮೊಳಕ್ಕೆ ಮೂರು ಬೆರಳು ಕಡಿಮೆ, ಅಂದರೆ ಇಂದಿನ ಲೆಕ್ಕದಲ್ಲಿ ಆರಡಿಗೆ ಎರಡು ಮೂರು ಅಂಗುಲ ಕಡಿಮೆ. ಹೆರೊಡೋಟಸ್ ಅವಳನ್ನು ಪಯಾನಿಯಾ ಊರಿನವಳೆನ್ನುತ್ತಾನೆ. 'ಸಂವಿಧಾನ'ದ 14ನೇ ಅಧ್ಯಾಯ ಅದನ್ನು ಹೇಳಿ, ಕೆಲವರ ಪ್ರಕಾರ ಅವಳು ಕೊಲ್ಲಿಟಸ್‌ನಲ್ಲಿದ್ದ ಥ್ರೇಸ್ ಮೂಲದ ಹೂವಾಡಗಿತ್ತಿ ಎಂದೂ ಸೇರಿಸುತ್ತದೆ. ಇಂಥ ವ್ಯತ್ಯಾಸ ಕಂಡಾಗಲೆಲ್ಲ ಎರಡೂ ಕಿಟಕಿ ತೆರೆದಿಟ್ಟು ಟಿಪ್ಪಣಿ ಮಾಡಿಕೊಳ್ಳಬೇಕು.

ಮೂರನೇ ಸಲ, ಕ್ರಿ.ಪೂ. 546ರ ಹೊತ್ತಿಗೆ, ವೇಷಗಾರಿಕೆ ಬಿಟ್ಟು ಹಣ ಮತ್ತು ಕೂಲಿ ಸೈನಿಕರನ್ನು ತಂದ. ಥೀಬ್ಸ್ ಹೆಚ್ಚು ಹಣ ಕೊಟ್ಟಿತು, ಆರ್ಗೊಸ್‌ನಿಂದ ಸೈನಿಕರು ಬಂದರು, ನ್ಯಾಕ್ಸಸ್‌ನ ಲಿಗ್ಡಮಿಸ್ ಹಣ, ಜನ ಎರಡನ್ನೂ ತಂದ. ಮ್ಯಾರಥಾನ್‌ನಲ್ಲಿ ಇಳಿದು ಪಲ್ಲೀನಿಯಲ್ಲಿ ಗೆದ್ದದ್ದು ಅಥೆನ್ಸಿನವರು ಮಧ್ಯಾಹ್ನದ ಊಟ ಮುಗಿಸಿ ಕೆಲವರು ದಾಳ ಆಡುತ್ತಾ ಕೆಲವರು ನಿದ್ದೆ ಮಾಡುತ್ತಾ ಇದ್ದಾಗ. ನಮ್ಮ ಅಭಿಪ್ರಾಯದಲ್ಲಿ ಈ ಮೂರು ಪ್ರಯತ್ನಗಳನ್ನು ಒಂದೇ ಸಲ ಕೂತು ಓದಬೇಕು. ಮೋಸದಿಂದ ಹಿಡಿದ ಅಧಿಕಾರವೂ ಮದುವೆಯ ನಂಟಿನಿಂದ ಹಿಡಿದ ಅಧಿಕಾರವೂ ನಿಲ್ಲಲಿಲ್ಲ. ಹೊರಗಿನ ಹಣ ಮತ್ತು ಸ್ವಂತ ಸೈನ್ಯ ಬಂದ ಮೇಲಷ್ಟೇ ನಿಂತಿತು. ಅಧ್ಯಾಯಕ್ಕೊಂದು ಪುಟವಾಗಿ ತುಂಡರಿಸಿ ತೋರಿಸುವ ಪರ್ಸಿಯಸ್‌ನಲ್ಲಿ ಈ ಎಳೆ ಕೈತಪ್ಪುವುದು ಸುಲಭ.

ಇನ್ನು ಅಂಕಿಗಳು. ಪೈಸಿಸ್ಟ್ರಾಟಸ್ ಬೆಳೆಯ ಮೇಲೆ ಹತ್ತನೇ ಒಂದು ಪಾಲು ತೆರಿಗೆ ತೆಗೆದುಕೊಂಡನೆಂದು 'ಸಂವಿಧಾನ'ದ 16ನೇ ಅಧ್ಯಾಯ ಹೇಳುತ್ತದೆ. ಬಡ ರೈತರಿಗೆ ಸಾಲ ಕೊಟ್ಟದ್ದು, ಹಳ್ಳಿಗಳಿಗೆ ನ್ಯಾಯಾಧೀಶರನ್ನು ಕಳಿಸಿದ್ದು ಅಲ್ಲೇ ಇದೆ. ಥುಸಿಡಿಡೀಸ್ 6.54ರಲ್ಲಿ ಆ ಮನೆತನ ತೆಗೆದುಕೊಂಡದ್ದು ಇಪ್ಪತ್ತನೇ ಒಂದು ಪಾಲು ಮಾತ್ರ. ಒಂದು ಕಡೆ ನೂರಕ್ಕೆ 10, ಇನ್ನೊಂದು ಕಡೆ ನೂರಕ್ಕೆ 5. ಮಕ್ಕಳ ಕಾಲಕ್ಕೆ ತೆರಿಗೆ ಇಳಿಯಿತೆಂದು ಕೆಲವರು ಸರಿದೂಗಿಸುತ್ತಾರೆ, ಆದರೆ ಯಾವ ಮೂಲವೂ ಹಾಗೆ ಹೇಳಿಲ್ಲ.

ಆಳಿದ ವರ್ಷಗಳಲ್ಲೂ ಇದೇ ತೊಡಕು. 'ರಾಜಕೀಯ' (ಪಾಲಿಟಿಕ್ಸ್) ಗ್ರಂಥದಲ್ಲಿ ಅರಿಸ್ಟಾಟಲ್ 33 ವರ್ಷಗಳ ಅವಧಿಯಲ್ಲಿ ಪೈಸಿಸ್ಟ್ರಾಟಸ್ ಆಳಿದ್ದು 17, ಮಕ್ಕಳು 18, ಒಟ್ಟು 35 ಎನ್ನುತ್ತಾನೆ. 'ಸಂವಿಧಾನ'ದ 17ನೇ ಅಧ್ಯಾಯದಲ್ಲಿ ಅದೇ 33ರಲ್ಲಿ ಆಳ್ವಿಕೆ 19, ಉಳಿದದ್ದು ದೇಶಭ್ರಷ್ಟತೆ. 19ನೇ ಅಧ್ಯಾಯ ಮಕ್ಕಳಿಗೆ ಸುಮಾರು 17 ಕೊಟ್ಟು ಎಲ್ಲ ಸೇರಿ 49 ಎನ್ನುತ್ತದೆ, ಅಂದರೆ ದೇಶಭ್ರಷ್ಟತೆಯ ವರ್ಷಗಳೂ ಸೇರಿ. ಹೆರೊಡೋಟಸ್ 5.65ರಲ್ಲಿ 36. ಹತ್ತೊಂಬತ್ತಕ್ಕೆ 17 ಕೂಡಿದರೆ 36 ಬರುತ್ತದೆ. ಹೀಗೆ ಕೂಡಿ ಕಳೆದು ನೋಡಿದರೆ ಯಾರು ಏನನ್ನು ಎಣಿಸುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಪರೀಕ್ಷೆಗೆ ಓದುವವರು ಒಂದು ಅಂಕಿ ಬಾಯಿಪಾಠ ಮಾಡುವ ಬದಲು ಅಂಕಿಯ ಪಕ್ಕ ಮೂಲದ ಗುರುತು ಬರೆಯುವುದು ಒಳ್ಳೆಯದು.

ಕ್ರಿ.ಪೂ. 514ರಲ್ಲಿ ಹಾರ್ಮೋಡಿಯಸ್ ಮತ್ತು ಅರಿಸ್ಟೊಗೈಟನ್ ಎಂಬಿಬ್ಬರು ಪೈಸಿಸ್ಟ್ರಾಟಸ್‌ನ ಕಿರಿಯ ಮಗ ಹಿಪ್ಪಾರ್ಕಸ್‌ನನ್ನು ಕೊಂದ ಪ್ರಕರಣಕ್ಕೆ ಇನ್ನೂ ಹೆಚ್ಚು ಸಮಯ ಕೊಡಿ. ಅಥೆನ್ಸಿನ ಜನ ಇವರನ್ನು ನಿರಂಕುಶನನ್ನು ಕೊಂದ ವೀರರೆಂದು ಕೊಂಡಾಡಿದರು. ಥುಸಿಡಿಡೀಸ್ ಅದನ್ನು ಒಪ್ಪುವುದಿಲ್ಲ: ಹಿರಿಯ ಮಗ, ಅಧಿಕಾರದಲ್ಲಿದ್ದವನು ಹಿಪ್ಪಿಯಾಸ್, ಕೊಲೆಗೆ ಕಾರಣ ಪ್ರೇಮದ ಜಗಳ ಮತ್ತು ಅವಮಾನ. ಆ ಅವಮಾನ ಮಾಡಿದವನು ಹಿಪ್ಪಾರ್ಕಸ್ ಎಂದು ಅವನು, ಮಲತಮ್ಮ ಥೆಟ್ಟಲಸ್ ಎಂದು 'ಸಂವಿಧಾನ'. ಕೊಲೆಯಾದ ಮೇಲೆ ಹಿಪ್ಪಿಯಾಸ್ ಅಂದಿನ ಹಬ್ಬದ ಮೆರವಣಿಗೆಯವರಿಂದ ಆಯುಧ ಬಿಡಿಸಿ, ಕಠಾರಿ ಇಟ್ಟುಕೊಂಡವರನ್ನು ಆರಿಸಿ ಹಿಡಿದನೆಂದು 6.58ರಲ್ಲಿದೆ. 'ಸಂವಿಧಾನ'ದ 18ನೇ ಅಧ್ಯಾಯ ಅದನ್ನು ಸುಳ್ಳೆನ್ನುತ್ತದೆ: ಆಗ ಆಯುಧ ಹಿಡಿದು ಮೆರವಣಿಗೆ ಹೋಗುವ ಪದ್ಧತಿಯೇ ಇರಲಿಲ್ಲ, ಅದು ಮುಂದೆ ಪ್ರಜಾಪ್ರಭುತ್ವದ ಕಾಲದಲ್ಲಿ ಬಂದದ್ದು. ಒಬ್ಬ ಇತಿಹಾಸಕಾರನನ್ನು ಇನ್ನೊಂದು ಗ್ರಂಥ ಇಷ್ಟು ನೇರವಾಗಿ ತಿದ್ದುವ ಜಾಗ ಅಪರೂಪ. ಎರಡೂ ಪಾಠಗಳನ್ನು ಪಕ್ಕದಲ್ಲಿಟ್ಟು ಓದಿದರೆ ಸಿಗುವ ಲಾಭ ಇದು.

ಪದ ಹುಡುಕುವಲ್ಲಿ ದೊಡ್ಡ ಗುಂಡಿ ಒಂದಿದೆ. ಇಂಗ್ಲಿಷ್ ಅನುವಾದದಲ್ಲಿ 'ಟೈರಂಟ್' ಎಂದು ಹುಡುಕಿ ಎಲ್ಲವೂ ಸಿಕ್ಕಿತೆಂದುಕೊಂಡರೆ ಅರ್ಧ ಕೈಬಿಡುತ್ತದೆ. ಇಲ್ಲಿರುವ ಹೆರೊಡೋಟಸ್ ಅನುವಾದ 1920ರ ಗಾಡ್ಲಿಯದು. ಗ್ರೀಕಿನ 'ತುರನ್ನೊಸ್' ಅದರಲ್ಲಿ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಪದವಾಗಿದೆ. ಲಿಡಿಯಾದ ಕ್ರೀಸಸ್ ವಂಶದಿಂದ ರಾಜನಾದವನು, ಆದರೂ 1.6ರಲ್ಲಿ ಹೆರೊಡೋಟಸ್ ಅವನಿಗೂ 'ತುರನ್ನೊಸ್' ಎಂದೇ ಬರೆದಿದ್ದಾನೆ. ಅನುವಾದದಲ್ಲಿ ಅದು 'ಸಾವರಿನ್'. ಆದ್ದರಿಂದ ಗ್ರೀಕ್ ಪಾಠದಲ್ಲೇ ಹುಡುಕಬೇಕು. ರೋಮನ್ ಅಕ್ಷರದಲ್ಲಿ ಪದ ಟೈಪ್ ಮಾಡಬಹುದು, ಆದರೆ 'ವೈ' ಬದಲು 'ಯು' ಬಳಸಬೇಕು. ಪದದ ಎಲ್ಲ ರೂಪಗಳನ್ನೂ ಹುಡುಕುವ ಆಯ್ಕೆ ಗುರುತು ಮಾಡದಿದ್ದರೆ ಪ್ರಥಮಾ ವಿಭಕ್ತಿಯ ಏಕವಚನ ಮಾತ್ರ ಸಿಗುತ್ತದೆ.

ಕೊರಿಂಥ್ ಓದುವಾಗ ತಾಣದ ಇನ್ನೊಂದು ಕೊರತೆ ಎದುರಾಗುತ್ತದೆ. ಕ್ರಿ.ಪೂ. 657ರ ಸುಮಾರಿಗೆ ಬಕ್ಕಿಯಾಡ್ ಮನೆತನದ ಆಳ್ವಿಕೆ ಕೆಡವಿದ ಕಿಪ್ಸೆಲಸ್, ಅವನ ಮಗ ಪೆರಿಯಾಂಡರ್ ಇವರ ಕ್ರೌರ್ಯದ ಕಥೆ ಹೆರೊಡೋಟಸ್ 5.92ರಲ್ಲಿದೆ. ನೇರ 92ಕ್ಕೆ ಹೋದವರು ಇದನ್ನು ಇತಿಹಾಸಕಾರನ ಮಾತೆಂದು ಓದಿಬಿಡುತ್ತಾರೆ. 91ನೇ ಅಧ್ಯಾಯದಿಂದ ಶುರು ಮಾಡಿದರೆ ತಿಳಿಯುತ್ತದೆ: ಹಿಪ್ಪಿಯಾಸ್‌ನನ್ನು ಮತ್ತೆ ಅಥೆನ್ಸಿನ ಗದ್ದುಗೆಗೆ ತರಬೇಕೆಂದು ಸ್ಪಾರ್ಟ ಮಿತ್ರರ ಸಭೆ ಕರೆದಿದೆ, ಅದನ್ನು ತಡೆಯಲು ಕೊರಿಂಥಿನ ಪ್ರತಿನಿಧಿ ಮಾಡುವ ಭಾಷಣವಿದು. ವಾದ ಗೆಲ್ಲಲು ಆಡಿದ ಮಾತು. 92ನೇ ಅಧ್ಯಾಯ ತೀರಾ ಉದ್ದವಾದ್ದರಿಂದ ಅಕ್ಷರದ ಗುರುತಿನ ಉಪಭಾಗಗಳಾಗಿ ಒಡೆದಿದೆ. ಮೊದಲ ತುಂಡು ಮುಗಿದೊಡನೆ ಅಧ್ಯಾಯ ಮುಗಿಯಿತೆಂದು ನಿಲ್ಲಿಸಬೇಡಿ, ಮುಂದಿನ ಬಾಣದ ಗುರುತು ಒತ್ತುತ್ತಾ ಹೋಗಿ.

ಅದರಲ್ಲೇ ಪ್ರಸಿದ್ಧ ತೆನೆಯ ಪ್ರಸಂಗ ಬರುತ್ತದೆ. ಅಧಿಕಾರ ಭದ್ರಪಡಿಸಿಕೊಳ್ಳುವುದು ಹೇಗೆಂದು ಪೆರಿಯಾಂಡರ್ ದೂತನ ಮೂಲಕ ಮಿಲೆಟಸ್‌ನ ಥ್ರಾಸಿಬ್ಯೂಲಸ್‌ನನ್ನು ಕೇಳುತ್ತಾನೆ. ಅವನು ಉತ್ತರ ಕೊಡದೆ ಹೊಲದಲ್ಲಿ ನಡೆಯುತ್ತಾ ಉಳಿದವಕ್ಕಿಂತ ಎತ್ತರವಾದ ತೆನೆಗಳನ್ನೆಲ್ಲ ಮುರಿದುಹಾಕುತ್ತಾನೆ. ದೂತ ಕಂಡದ್ದನ್ನು ಬಂದು ಹೇಳಿದಾಗ ಪೆರಿಯಾಂಡರ್‌ಗೆ ಅರ್ಥವಾಗುತ್ತದೆ. ಅರಿಸ್ಟಾಟಲನ 'ರಾಜಕೀಯ'ದಲ್ಲಿ ಪಾತ್ರ ಅದಲುಬದಲು: ಸಲಹೆ ಕೊಟ್ಟವನು ಪೆರಿಯಾಂಡರ್, ಕೇಳಿದವನು ಥ್ರಾಸಿಬ್ಯೂಲಸ್. ಅರಿಸ್ಟಾಟಲ್ ಅದನ್ನು ಎರಡು ಕಡೆ ಹೇಳುತ್ತಾನೆ, 1284ರಲ್ಲಿ ಮತ್ತು 1311ರಲ್ಲಿ.

ಈ ನಾಲ್ಕಂಕಿಯ ಸಂಖ್ಯೆ ಅರಿಸ್ಟಾಟಲನ ಗ್ರಂಥಗಳಿಗೆ ಮಾತ್ರ ಬಳಸುವ ಬೆಕ್ಕರ್ ಗುರುತು. 'ರಾಜಕೀಯ'ಕ್ಕೆ ಪುಸ್ತಕದ ಸಂಖ್ಯೆಯನ್ನೇ ನೆಚ್ಚಿಕೊಂಡರೆ ಕೆಡುತ್ತದೆ. ನಿರಂಕುಶ ಪ್ರಭುತ್ವದ ಚರ್ಚೆ ಐದನೇ ಪುಸ್ತಕದ್ದು, ಆದರೆ ಹಳೆಯ ಕೆಲ ಸಂಪಾದಕರು ಪುಸ್ತಕಗಳ ಕ್ರಮ ಬದಲಿಸಿದ್ದಾರೆ, ಅಂಥ ಮುದ್ರಣದಲ್ಲಿ ಇದೇ ಭಾಗ ಎಂಟನೆಯದು. ಬೆಕ್ಕರ್ ಸಂಖ್ಯೆ ಎಲ್ಲೂ ಬದಲಾಗದು. 1313ರಿಂದ 1315ರವರೆಗಿನ ಪುಟಗಳೇ ಇಡೀ ವಿಷಯದ ತಿರುಳು. ನಿರಂಕುಶ ತನ್ನ ಅಧಿಕಾರ ಉಳಿಸಿಕೊಳ್ಳುವ ಎರಡು ದಾರಿ ಅಲ್ಲಿವೆ. ಮೊದಲನೆಯದು ತಲೆ ಎತ್ತುವವರನ್ನು ಕತ್ತರಿಸುವುದು, ಸಹಭೋಜನ, ಸಂಘ, ವಿದ್ಯಾಗೋಷ್ಠಿಗಳನ್ನು ನಿಲ್ಲಿಸುವುದು, ಜನ ಒಬ್ಬರನ್ನೊಬ್ಬರು ನಂಬದಂತೆ ಮಾಡುವುದು, ಗೂಢಚಾರರನ್ನು ಬಿಡುವುದು, ದೊಡ್ಡ ಕಟ್ಟಡದ ಕೆಲಸ ಹಚ್ಚಿ ಬಡತನದಲ್ಲೇ ಇಡುವುದು, ಯುದ್ಧ ಹೂಡುತ್ತಲೇ ಇರುವುದು. ಕಟ್ಟಡಕ್ಕೆ ಈಜಿಪ್ಟಿನ ಪಿರಮಿಡ್, ಪೈಸಿಸ್ಟ್ರಾಟಸ್ ಮಕ್ಕಳ ಒಲಿಂಪಿಯನ್ ಜ್ಯೂಸ್ ದೇಗುಲ, ಸಮೋಸ್‌ನಲ್ಲಿ ಪಾಲಿಕ್ರಟೀಸ್ ಮಾಡಿಸಿದ ಕೆಲಸಗಳು ಅವನ ಉದಾಹರಣೆ. ಎರಡನೇ ದಾರಿ ರಾಜನಂತೆ ನಡೆದುಕೊಳ್ಳುವುದು: ಸಾರ್ವಜನಿಕ ಹಣಕ್ಕೆ ಲೆಕ್ಕ ಕೊಡುವುದು, ನಗರವನ್ನು ಅಂದಗೊಳಿಸುವುದು, ದೈವಭಕ್ತನಾಗಿ ಕಾಣಿಸಿಕೊಳ್ಳುವುದು. ಇದನ್ನು ಸಾರಾಂಶದಲ್ಲಿ ಓದಿ ಮುಗಿಸಬೇಡಿ. ಎರಡೂ ದಾರಿಗಳ ಗುರಿ ಒಂದೇ ಎಂಬುದನ್ನು ಅರಿಸ್ಟಾಟಲ್ ಎಷ್ಟು ತಣ್ಣಗೆ ಬಿಡಿಸಿಡುತ್ತಾನೆಂಬುದು ಅವನ ವಾಕ್ಯಗಳಲ್ಲೇ ಕಾಣಬೇಕು.

1315ರ ಕೊನೆಯಲ್ಲಿ ಯಾವ ಮನೆತನ ಎಷ್ಟು ಕಾಲ ಉಳಿಯಿತೆಂಬ ಪಟ್ಟಿ ಇದೆ: ಸಿಸಿಯನ್‌ನಲ್ಲಿ 100 ವರ್ಷ, ಕೊರಿಂಥಿನಲ್ಲಿ 73 ವರ್ಷ ಆರು ತಿಂಗಳು, ಆಮೇಲೆ ಅಥೆನ್ಸಿನ 35. ಕೊರಿಂಥಿನ ಲೆಕ್ಕದಲ್ಲಿ ಕಿಪ್ಸೆಲಸ್ 30, ಅವನ ವಂಶದ ಕೊನೆಯವನು 3. ಪೆರಿಯಾಂಡರ್‌ಗೆ ಕೆಲ ಮುದ್ರಣಗಳಲ್ಲಿ 44, ಕೆಲವುಗಳಲ್ಲಿ ನಲವತ್ತೂವರೆ. 44 ಇಟ್ಟರೆ ಮೊತ್ತ 77 ಆಗುತ್ತದೆ, ನಲವತ್ತೂವರೆ ಇಟ್ಟರೆ ಮಾತ್ರ ಕೂಡುತ್ತದೆ. ಪಾಠದೋಷವನ್ನು ಗ್ರೀಕ್ ಬಾರದವರೂ ಕೂಡುವ ಲೆಕ್ಕದಿಂದಲೇ ಹಿಡಿಯಬಹುದಾದ ಜಾಗವಿದು.

ಅನುವಾದಗಳ ಗುಣಮಟ್ಟ ಏಕರೂಪವಲ್ಲ. ಹೆಚ್ಚಿನವು ಹಳೆಯವು. ಥುಸಿಡಿಡೀಸ್‌ಗೆ ಕ್ರಾಲಿ, ಜೋವೆಟ್, ಹಾಬ್ಸ್ ಮೂವರ ಇಂಗ್ಲಿಷ್ ಇದೆ. ಮೊದಲ ಓದಿಗೆ ಕ್ರಾಲಿ ಸಾಕು. ಹಾಬ್ಸ್ 17ನೇ ಶತಮಾನದವನು. ಅವನ ಇಂಗ್ಲಿಷ್ ತಡವರಿಸುವಂತೆ ಮಾಡುತ್ತದೆ, ಆದರೆ ಮುಂದೆ ರಾಜ್ಯಶಕ್ತಿಯ ಬಗ್ಗೆ ದೊಡ್ಡ ಗ್ರಂಥ ಬರೆದವನು ಅಧಿಕಾರದ ಪದಗಳನ್ನು ಹೇಗೆ ಅನುವಾದಿಸಿದನೆಂದು ನೋಡಲು ರಾಜ್ಯಶಾಸ್ತ್ರದವರು ಒಮ್ಮೆ ತೆರೆಯಲೇಬೇಕು. ಟಿಪ್ಪಣಿಗಳೂ ಹಳೆಯವೇ, ಕಳೆದ ನೂರು ವರ್ಷಗಳ ಸಂಶೋಧನೆ ಅವುಗಳಲ್ಲಿ ಸಿಗುವುದಿಲ್ಲ.

ಅದರಿಂದಾಗುವ ನಷ್ಟ ಶಾಸನಗಳಲ್ಲಿ ಎದ್ದು ಕಾಣುತ್ತದೆ. ಹಿಪ್ಪಿಯಾಸ್‌ನ ಮಗ ಅಪೊಲೊ ದೇವರಿಗೆ ಮಾಡಿಸಿದ ಬಲಿಪೀಠದ ಬರಹವನ್ನು ಥುಸಿಡಿಡೀಸ್ 6.54ರಲ್ಲಿ ಉದ್ಧರಿಸುತ್ತಾನೆ. ಆ ಕಲ್ಲು 1877ರಲ್ಲಿ ಅಥೆನ್ಸಿನಲ್ಲಿ ಸಿಕ್ಕಿತು; ಅವನು ಮಸುಕೆಂದ ಅಕ್ಷರಗಳು ಇಂದಿಗೂ ಓದಲು ಬರುತ್ತವೆ. ಅಥೆನ್ಸಿನ ಹಳೆಯ ಪೇಟೆಯಾದ ಅಗೋರಾದಲ್ಲಿ ಸಿಕ್ಕ ಆರ್ಕಾನ್ ಅಧಿಕಾರಿಗಳ ಪಟ್ಟಿಯ ಚೂರಿನಲ್ಲಿ ಹಿಪ್ಪಿಯಾಸ್‌ನ ಹೆಸರಿನ ಹತ್ತಿರವೇ ಕ್ಲೈಸ್ತೆನೀಸ್, ಮಿಲ್ಟಿಯಾಡೀಸ್ ಹೆಸರುಗಳಿವೆ. ಕ್ಲೈಸ್ತೆನೀಸ್‌ನ ಮನೆತನ ನಿರಂಕುಶರ ಕಾಲವೆಲ್ಲ ದೇಶಭ್ರಷ್ಟವಾಗಿತ್ತೆಂದು ಹೆರೊಡೋಟಸ್ 6.123ರಲ್ಲಿ ಹೇಳುವುದನ್ನು ಈ ಚೂರು ಅಲ್ಲಾಡಿಸುತ್ತದೆ. ಇದನ್ನು ಪ್ರಕಟಿಸಿದ್ದು 1939ರಲ್ಲಿ, ಅಂದರೆ ಪರ್ಸಿಯಸ್‌ನ ಗಾಡ್ಲಿ ಅನುವಾದಕ್ಕಿಂತ ಈಚೆಗೆ. ಶಾಸನಗಳಿಗೆ 'ಆಟಿಕ್ ಇನ್‌ಸ್ಕ್ರಿಪ್ಷನ್ಸ್ ಆನ್‌ಲೈನ್' ಎಂಬ ಇನ್ನೊಂದು ಉಚಿತ ತಾಣವನ್ನು ಜತೆಗಿಟ್ಟುಕೊಳ್ಳಿ. ನಿರಂಕುಶನಾಗಲು ಹೊರಟವನನ್ನು ಕೊಂದವನು ನಿರ್ದೋಷಿ ಎನ್ನುವ, ಕ್ರಿ.ಪೂ. 337-336ರ ಯುಕ್ರಟೀಸ್ ಕಾನೂನು ಅಲ್ಲಿ ಅನುವಾದ ಸಮೇತ ಇದೆ.

ಮೊಬೈಲ್‌ನಲ್ಲಿ ಓದುವವರು, ಅದರಲ್ಲೂ ಮೆಟ್ರೋದಲ್ಲಿ ಓದುವವರು, ಹಳೆಯ ತಾಣದ ಬದಲು 2018ರಲ್ಲಿ ಬಂದ 'ಸ್ಕೈಫ್ ವ್ಯೂವರ್' ತೆರೆಯಲಿ. ಅದು ಸಣ್ಣ ಪರದೆಗೆ ಹೊಂದುತ್ತದೆ. ಹಳೆಯದರ ಮೂರು ಕಾಲಂ ವಿನ್ಯಾಸ ಲ್ಯಾಪ್‌ಟಾಪ್‌ಗೇ ಸರಿ. ಗುಂಪಿನಲ್ಲಿ ಓದುವವರು ಆಯಾ ವಾರದ ಅಧ್ಯಾಯಗಳನ್ನು ಒಂದೇ ಕಡತಕ್ಕೆ ನಕಲಿಸಿ, ಎಡಕ್ಕೆ ಹೆರೊಡೋಟಸ್, ಬಲಕ್ಕೆ 'ಸಂವಿಧಾನ' ಬರುವಂತೆ ಎರಡು ಕಾಲಂ ಮಾಡಿ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿಕೊಳ್ಳಬಹುದು. ಮೂಲದ ಹೆಸರು ಹಾಕಿ, ಅದೇ ಷರತ್ತಿನಲ್ಲಿ ಹಂಚುವುದಕ್ಕೆ ಪರ್ಸಿಯಸ್ ಪಾಠಗಳ ಪರವಾನಗಿ ಅವಕಾಶ ಕೊಡುತ್ತದೆ. ಕಬ್ಬನ್ ಪಾರ್ಕಿನ ನೆರಳಲ್ಲಿ ನೆಟ್‌ವರ್ಕ್ ಹುಡುಕುತ್ತಾ ಕೂರುವುದಕ್ಕಿಂತ ಇದು ಮೇಲು. ಅಚ್ಚಿನ ಪುಸ್ತಕವೇ ಬೇಕೆನ್ನುವವರು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಲಿ, ಆದರೆ ಕೊಳ್ಳುವ ಮುನ್ನ ಅಂಚಿನಲ್ಲಿ ಅಧ್ಯಾಯದ ಗುರುತು ಮುದ್ರಿಸಿದೆಯೇ ನೋಡಿಕೊಳ್ಳಿ. ಗುರುತಿಲ್ಲದ ಸಂಕ್ಷಿಪ್ತ ಆವೃತ್ತಿಯನ್ನು ಪರ್ಸಿಯಸ್ ಜತೆ ತಾಳೆ ನೋಡಲಾಗದು.

ಅಥೆನ್ಸ್, ಕೊರಿಂಥ್ ಮುಗಿಸಿದವರು ಮುಂದೆ ಸಿರಕ್ಯೂಸ್‌ಗೆ ಹೋಗಬಹುದು. ಡಿಯೊಡೋರಸ್ 13.91ರಿಂದ 96ರಲ್ಲಿ ಡಯೊನಿಸಿಯಸ್ ಕ್ರಿ.ಪೂ. 405ರ ಹೊತ್ತಿಗೆ ಅಧಿಕಾರ ಹಿಡಿಯುವ ವಿವರ ಇದೆ. ಅವನೂ ಕೊಲೆಸಂಚಿನ ನಾಟಕವಾಡಿ 600 ಮೈಗಾವಲಿನವರಿಗೆ ಒಪ್ಪಿಗೆ ಪಡೆದು ಸಾವಿರಕ್ಕೂ ಹೆಚ್ಚು ಜನರನ್ನು ಆರಿಸಿಕೊಳ್ಳುತ್ತಾನೆ. ಅದನ್ನು ಓದಿದೊಡನೆ ಅರಿಸ್ಟಾಟಲನ 'ವಾಗ್ಮಿತೆ' (ರೆಟರಿಕ್) ಗ್ರಂಥದ 1357 ತೆರೆಯಿರಿ. ಉದಾಹರಣೆ ಕೊಟ್ಟು ವಾದಿಸುವುದು ಹೇಗೆಂದು ಹೇಳಿಕೊಡಲು ಅವನು ಅಲ್ಲಿ ಬಳಸುವುದು ಇದೇ ಡಯೊನಿಸಿಯಸ್‌ನನ್ನು: ಇವನು ಮೈಗಾವಲು ಕೇಳುತ್ತಿದ್ದಾನೆ, ಹಿಂದೆ ಪೈಸಿಸ್ಟ್ರಾಟಸ್ ಕೇಳಿದ, ಮೆಗಾರದ ಥಿಯಾಜನೀಸ್ ಕೇಳಿದ, ಇಬ್ಬರೂ ಪಡೆದೊಡನೆ ನಿರಂಕುಶರಾದರು.